ಒಂದು ಒಣದ್ರಾಕ್ಷಿ, ನಲವತ್ತು ಫಕೀರರು

ನನ್ನ ವಿದೇಶಸೇವೆ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ ಕಾಣುತ್ತಿತ್ತು. ಹೀಗೆಂದರೆ ನಮ್ಮ ಪರಿಹಾರ ಸಂಸ್ಥೆಯ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯರು ನಗುತ್ತಾರೆ. ಅವರ ಲೆಕ್ಕದಲ್ಲಿ ವಿದೇಶಸೇವೆ ಎಂದರೆ ವಿಮಾನ ಹತ್ತಬೇಕು. ನಾನೂ ಹತ್ತಿದವಳೇ. ಭೂಕಂಪವಾದಾಗ ಕಾಶ್ಮೀರದ ಬೆಟ್ಟಗಳಿಗೆ ಹೋಗಿದ್ದೆ, ಜೋರ್ಡಾನಿನ ಮರಳಲ್ಲಿ ಗುಡಾರದಿಂದ ಗುಡಾರಕ್ಕೆ ಅಲೆದು ಎರಡು ವರ್ಷ ಮಕ್ಕಳಿಗೆ ಲಸಿಕೆ ಚುಚ್ಚಿದ್ದೆ. ಆದರೆ ಇಪ್ಪತ್ತಾರು ವರ್ಷದ ನನ್ನ ನರ್ಸ್ ಕೆಲಸದಲ್ಲಿ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ನಡೆದದ್ದು ಪಂಜ್ ನದಿಯ ಆಚೆ ದಡದಲ್ಲಿ, ಕೂಗಿದರೆ ಓಗೊಡುವಷ್ಟು ದೂರದಲ್ಲಿ. ಈಚೆಗೆ ನಾವು, ತಾಜಿಕಿಸ್ತಾನದವರು. ಆಚೆಗೆ ಅವರು, ಅಫ್ಘಾನಿಸ್ತಾನದವರು. ಮಾತು ಒಂದೇ, ಪ್ರಾರ್ಥನೆ ಒಂದೇ, ಮದುವೆಯ ಹಾಡೂ ಒಂದೇ. ನೂರು ವರ್ಷದ ಹಿಂದೆ ಯಾರೋ ದೊಡ್ಡವರು ನೀರಿನ ಮೇಲೆ ಗೆರೆ ಎಳೆದರು, ಅಂದಿನಿಂದ ದಾಯಾದಿಗಳೆಲ್ಲ ಪರದೇಶಿಗಳಾದರು.

ನನ್ನ ಹೆಸರು ಸವ್ಸನ್. ಅಪ್ಪ ಕದಮ್‌ಶಾ ನಮ್ಮ ಕೇರಿಯ ಖಲೀಫಾ. ಹುಟ್ಟಿದ ಮಗುವಿಗೆ ಹೆಸರಿಡುವುದು, ಸತ್ತವರಿಗೆ ದೀಪ ಹಚ್ಚಿ ಹಾಡುವುದು, ಜಗಳವಾಡಿದವರನ್ನು ಕೂರಿಸಿ ಚಹಾ ಕುಡಿಸುವುದು, ಎಲ್ಲ ಅವನದೇ ಕೆಲಸ. ಬೇರೆ ಖಲೀಫರಂತೆ ಅವನಿಗೆ ಉದ್ದುದ್ದ ಬೋಧನೆ ಬರುತ್ತಿರಲಿಲ್ಲ. ಮಕ್ಕಳಿಗೆ ಅವನು ಹೇಳಿದ್ದು ಎರಡೇ ಮಾತು: ಸುಳ್ಳು ಹೇಳಬೇಡಿ, ಒಬ್ಬರೇ ತಿನ್ನಬೇಡಿ. ಇನ್ನೊಂದೆರಡು ಹೇಳಿದ್ದರೆ ಚೆನ್ನಾಗಿತ್ತು.

ನಮ್ಮ ದೇಶದಲ್ಲಿ ಅಣ್ಣತಮ್ಮಂದಿರೇ ಬಂದೂಕು ಹಿಡಿದ ಕಾಲದಲ್ಲಿ, ರಸ್ತೆ ಮುಚ್ಚಿದ ಚಳಿಗಾಲ, ನನಗೆ ಹದಿನೇಳು. ಒಣಗಿದ ಹಿಪ್ಪುನೇರಳೆ ಹಣ್ಣನ್ನು ಬೀಸಿ ಹಿಟ್ಟು ಮಾಡಿ ತಿಂದೆವು; ಅದೂ ಮುಗಿದ ಮೇಲೆ ಹುಲ್ಲಿನ ಬೇರು. ಕಡೆಗೊಂದು ದಿನ ಉತ್ತರದ ಕಣಿವೆಯಿಂದ ಲಾರಿ ಬಂತು. ನಮ್ಮ ಕೇರಿಗೆ ನಾಲ್ಕು ಮೂಟೆ ಗೋಧಿಹಿಟ್ಟು. ಅಪ್ಪ ಮೂವತ್ತೊಂದು ಮನೆಗೂ ಚಹಾ ಬಟ್ಟಲಿನಲ್ಲಿ ಅಳೆದು ಹಂಚಿದ. ಯಾರ ಮನೆಯ ಬಟ್ಟಲಿಗೂ ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಮನೆಯದು ಕೊನೆಯ ಪಾಳಿ, ಮೂಟೆ ಕೊಡವಿದಾಗ ಉದುರಿದ್ದು. ಅಮ್ಮ ಒಲೆಯ ಮುಂದೆ ಕುಳಿತು, "ಊರಿಗೆ ಉಪಕಾರಿ, ಮನೆಗೆ ಮಾರಿ. ನಿನ್ನನ್ನ ಕಟ್ಕೊಂಡು ನನಗೆ ಸ್ವರ್ಗ ಮಾತ್ರ ಗ್ಯಾರಂಟಿ, ರೊಟ್ಟಿ ಇಲ್ಲ" ಎಂದು ಬೈದಳು. ಅಪ್ಪ ನಕ್ಕ. ಆ ಚಳಿಗಾಲದಲ್ಲಿ ಪಕ್ಕದ ಕೇರಿಯಲ್ಲಿ ಆರು ಗುಂಡಿ ತೋಡಿದರು. ನಮ್ಮಲ್ಲಿ ಒಬ್ಬರೂ ಸಾಯಲಿಲ್ಲ.

ನಾನು ಆಗಲೇ ಹರಕೆ ಹೊತ್ತೆ. ಆ ಚಹಾ ಬಟ್ಟಲನ್ನು ಹಿಡಿದು ಬದುಕಿಡೀ ನಡೆಯುತ್ತೇನೆ ಎಂದೆ. ನರ್ಸಿಂಗ್ ಶಾಲೆಗೆ ಹೊರಟ ದಿನ ಅಪ್ಪ ನನ್ನ ಹಣೆಗೆ ಮುತ್ತಿಟ್ಟು, "ಇನ್ನು ನೀನು ಕೈ ಜೋಡಿಸದಿದ್ದರೂ ಪರವಾಗಿಲ್ಲ, ಕೈ ಆಡಿಸು. ಅದೇ ಪ್ರಾರ್ಥನೆ" ಎಂದ. ನಾನು ನಂಬಿದೆ. ನಂಬದೆ ಇರಲು ಕಾರಣವೇ ಇರಲಿಲ್ಲ. ಹಂಚಿಕೊಂಡವರು ಬದುಕಿದ್ದನ್ನು ಕಣ್ಣಾರೆ ಕಂಡಿದ್ದೆ.

ಹಿಮ ಎಡೆಬಿಡದೆ ಬಿದ್ದ ಆ ವರ್ಷ ಸಂಸ್ಥೆಯವರು ನನ್ನನ್ನು ಸರ್‌ಚಷ್ಮಕ್ಕೆ ಹಾಕಿದರು. ಆಚೆ ದಡದಲ್ಲಿ ನಮ್ಮ ಮನೆಯ ಎದುರಿಗೇ ಕಾಣುವ ಹಳ್ಳಿ; ಆದರೆ ಸೇತುವೆ ದೂರ, ಅದನ್ನು ದಾಟಿ ಸುತ್ತಿ ಬರಲು ಅರ್ಧ ದಿನ ನಡೆಯಬೇಕು. ಎರಡು ಕೋಣೆ, ಒಂದು ಉಗ್ರಾಣ, ಹೊಗೆ ಕಕ್ಕುವ ಒಂದು ಕಬ್ಬಿಣದ ಒಲೆ, ಅದೇ ಚಿಕಿತ್ಸಾಲಯ. ಡಾಕ್ಟರ್ ಯೋಹಾನೆಸ್ ಇಥಿಯೋಪಿಯಾದವರು, ಹಿಂದೆ ರಷ್ಯನ್ನರ ಕಾಲದಲ್ಲಿ ಖಾರ್ಕೋವ್‌ನಲ್ಲಿ ಓದಿದವರು. ನಾವಿಬ್ಬರೂ ಮಾತಾಡುತ್ತಿದ್ದದ್ದು ರಷ್ಯನ್ನಿನಲ್ಲಿ. ಕುತ್ತಿಗೆಯಲ್ಲಿ ಮರದ ಶಿಲುಬೆ. ಬೆಳಿಗ್ಗೆ ನಾನು ನನ್ನ ಮಣಿ ಎಣಿಸುವಾಗ ಅವರು ತಮ್ಮ ಶಿಲುಬೆ ಹಿಡಿದು ತುಟಿ ಆಡಿಸುತ್ತಿದ್ದರು. "ನಿಮ್ಮವನಿಗೂ ನಮ್ಮವನಿಗೂ ಇಷ್ಟು ಹೊತ್ತಿಗೆ ನಮ್ಮಿಬ್ಬರ ಗೋಳು ಕೇಳಿ ಸಾಕಾಗಿರುತ್ತೆ ಸಿಸ್ಟರ್" ಎನ್ನುತ್ತಿದ್ದರು.

ನಮ್ಮ ಕೆಲಸದ ಮುಖ್ಯ ಸಾಧನ ಒಂದು ಪಟ್ಟಿ. ಬೆರಳಗಲದ ಪ್ಲಾಸ್ಟಿಕ್ ಪಟ್ಟಿ, ಮೂರು ಬಣ್ಣ. ಐದು ವರ್ಷದೊಳಗಿನ ಮಗುವಿನ ತೋಳಿಗೆ ಸುತ್ತಬೇಕು. ಹಸಿರಿಗೆ ಬಂದರೆ ಮಗು ಕ್ಷೇಮ. ಹಳದಿಗೆ ಬಂದರೆ ಹಸಿವು. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕೆಳಗಿಳಿದರೆ ಕೆಂಪು, ಸಾವು ಹೊಸ್ತಿಲಲ್ಲಿದೆ. ಕೆಂಪಿನ ಮಕ್ಕಳಿಗೆ ಶೇಂಗಾ, ಹಾಲಿನಪುಡಿ, ಸಕ್ಕರೆ, ಎಣ್ಣೆ ಕಲಸಿದ ಮುದ್ದೆಯ ಬೆಳ್ಳಿ ಪೊಟ್ಟಣ, ದಿನಕ್ಕೆ ಮೂರು. ಹಳದಿಯವರಿಗೆ ಬೇರೆ ಹಿಟ್ಟು ಬರಬೇಕಿತ್ತು. ಅದು ಡಿಸೆಂಬರಿನಿಂದ ಕಣಿವೆಯ ಆಚೆ ಹಿಮದಲ್ಲಿ ಸಿಕ್ಕಿಕೊಂಡಿತ್ತು. ನಮ್ಮ ಮುದುಕರು ದಿನ ಎಣಿಸುವುದು ಮನುಷ್ಯನ ಮೈಮೇಲೆ. ಚಳಿಗಾಲ ಕಳೆದಂತೆ ಸೂರ್ಯ ಅಂಗಾಲಿನಿಂದ ಒಂದೊಂದೇ ಅಂಗ ಏರುತ್ತಾನೆ. ಆಗ ಸೂರ್ಯ ಇನ್ನೂ ಕಣಕಾಲಿನಲ್ಲಿದ್ದ. ಎದೆಗೆ ಬರುವ ತನಕ ಲಾರಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮೊದಲ ಗುರುವಾರ ಅಂಗಳದ ತುಂಬ ತಾಯಂದಿರು. ಒಂದೇ ಮನೆಯ ಇಬ್ಬರು ಸೊಸೆಯರು ಒಟ್ಟಿಗೆ ಬಂದಿದ್ದರು. ಅವರ ಗಂಡಂದಿರು, ಅಣ್ಣತಮ್ಮ, ಇರಾನಿಗೆ ಗಾರೆ ಕೆಲಸಕ್ಕೆ ಹೋದವರು. ಹಿರಿಯ ಸೊಸೆ ಬಖ್ತನಮಾ, ಅವಳ ಕೈಯಲ್ಲಿ ಹದಿನಾಲ್ಕು ತಿಂಗಳ ಶಕರ್‌ಮೋ. ಹೆಸರಿಗೆ ಸಕ್ಕರೆಯ ಚಂದ್ರ, ನೋಡಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿ. ಪಟ್ಟಿ ಸುತ್ತಿದೆ: ಹತ್ತು ಪಾಯಿಂಟ್ ಒಂಬತ್ತು. ಕೆಂಪು. ಹೆಸರು ಬರೆದುಕೊಂಡೆ. ಕಿರಿಯ ಸೊಸೆ ಸಬ್ಜ್‌ಗುಲ್, ಅವಳ ಮಗ ನಜರ್, ಮೂರು ವರ್ಷದವನು. ಪಟ್ಟಿ ಸುತ್ತಿದೆ: ಹನ್ನೊಂದು ಪಾಯಿಂಟ್ ಏಳು. ಹಳದಿ.

"ಇನ್ನೊಂದ್ಸಲ ಹಾಕಕ್ಕಾ. ಅಂಗಿ ಮೇಲಿಂದ ಹಾಕಿರ್ಬೇಕು ನೀನು" ಎಂದಳು ಸಬ್ಜ್‌ಗುಲ್.

ಅಂಗಿ ಇರಲಿಲ್ಲ. ಆದರೂ ಇನ್ನೊಮ್ಮೆ ಹಾಕಿದೆ. "ಹಳದಿನೇ ತಾಯಿ. ಇವನಿಗೆ ಸಿಗಲ್ಲ."

"ಅವಳ ಮಗು ಕೆಂಪು, ನನ್ನ ಮಗ ಹಳದಿ. ಇಬ್ರೂ ತಿನ್ನೋದು ಒಂದೇ ಪಾತ್ರೇಲಿ. ಇದ್ಯಾವ ಸೀಮೆ ನ್ಯಾಯ?"

ಹಿಂದಿನಿಂದ ಒಬ್ಬ ಮುದುಕಿ, "ಇನ್ಮೇಲೆ ರೊಟ್ಟಿ ಬೇಕಂದ್ರೆ ತೋಳು ತೋರಿಸ್ಬೇಕು ಕಣ್ರೇ, ಮದುವೆ ಹೆಣ್ಣು ನೋಡಿದಂಗೆ" ಎಂದಳು. ಯಾರೂ ನಗಲಿಲ್ಲ. ಗುಂಪು ಮುಂದೆ ಒತ್ತಿತು. ಡಾಕ್ಟರ್ ನನ್ನ ಮುಖ ನೋಡಿದರು.

ನಾನು ಕಲ್ಲಿನ ಮೇಲೆ ಹತ್ತಿ ನಿಂತೆ. ನಾನು ನದಿಯ ಆ ದಡದ ಖಲೀಫಾ ಕದಮ್‌ಶಾನ ಮಗಳು ಎಂದೆ. ಕೆಲವರಿಗೆ ಹೆಸರು ಗೊತ್ತಿತ್ತು. ಮೂವತ್ತೊಂದು ಮನೆಗೆ ಬಟ್ಟಲಲ್ಲಿ ಹಿಟ್ಟು ಅಳೆದ ಕತೆ ಹೇಳಿದೆ. ಒಂದು ಒಣದ್ರಾಕ್ಷಿಯನ್ನು ನಲವತ್ತು ಫಕೀರರು ಹಂಚಿ ತಿಂದರು ಎಂಬ ಗಾದೆ ನಮ್ಮಲ್ಲಿ ಗೊತ್ತಿಲ್ಲದವರಿಲ್ಲ, ಅದನ್ನೂ ಸೇರಿಸಿದೆ. ನಾವು ಅಂಥವರ ಮೊಮ್ಮಕ್ಕಳು, ಒಬ್ಬರ ಪಾಲಿಗೆ ಒಬ್ಬರು ಕೈಯೊಡ್ಡಬಾರದು, ಇವತ್ತು ಅವರದು, ನಾಳೆ ನಿಮ್ಮದು ಎಂದೆ. ನನಗೆ ಬೇಕಾಗಿದ್ದದ್ದು ಇಷ್ಟೇ, ಗಲಾಟೆ ಮಾಡದೆ ಮನೆಗೆ ಹೋಗಲಿ ಅಂತ. ಹೆಂಗಸರು ಕಣ್ಣೊರೆಸಿಕೊಂಡರು, ಗಲಾಟೆ ನಿಂತಿತು. ಡಾಕ್ಟರ್ ನನ್ನ ಬೆನ್ನು ತಟ್ಟಿದರು. ಆ ಗಳಿಗೆಯಲ್ಲಿ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಈಗ ಅನ್ನಿಸುತ್ತದೆ.

ಬಖ್ತನಮಾ ಪ್ರತಿ ಗುರುವಾರ ತಪ್ಪದೆ ಬಂದಳು. ಖಾಲಿ ಪೊಟ್ಟಣಗಳನ್ನು ಹಿಂದಿರುಗಿಸಬೇಕೆಂಬುದು ನಿಯಮ. ಇಪ್ಪತ್ತೊಂದು ಕೊಟ್ಟರೆ ಇಪ್ಪತ್ತೊಂದೂ ತರುತ್ತಿದ್ದಳು, ತೊಳೆದು, ಒಣಗಿಸಿ, ಮಡಿಸಿ. ಆದರೆ ಮಗುವಿನ ತೂಕ ಐದು ಕಿಲೋ ಇನ್ನೂರು, ಐದು ಮುನ್ನೂರು, ಮತ್ತೆ ಐದು ಇನ್ನೂರು. ನಾಲ್ಕನೆಯ ವಾರ ತಕ್ಕಡಿಯ ಚೀಲದಲ್ಲಿ ಕೂರಿಸಿದರೆ ಅಳುವಷ್ಟೂ ಕಸುವಿರಲಿಲ್ಲ.

"ಇದು ಹಂಚಿಕೆ ಸಿಸ್ಟರ್. ನಮ್ಮೂರಲ್ಲೂ ಇದೇ ರೋಗ" ಎಂದರು ಡಾಕ್ಟರ್.

"ಒಂದು ಪೊಟ್ಟಣನೂ ತಪ್ಪದೆ ವಾಪಸ್ ತರ್ತಾಳೆ ಡಾಕ್ಟ್ರೇ."

"ಖಾಲಿಯಾಗಿದೆ ಅಂತ ಪೊಟ್ಟಣ ಹೇಳುತ್ತೆ. ಯಾರ ಹೊಟ್ಟೆಗೆ ಹೋಯ್ತು ಅಂತ ಹೇಳುತ್ತಾ? ಮನೆಗೆ ಹೋಗಿ ನೋಡಿ. ಇನ್ನೆರಡು ವಾರ ಹೀಗೇ ಆದರೆ ಈ ಮಗು ಉಳಿಯಲ್ಲ. ದೊಡ್ಡಾಸ್ಪತ್ರೆಗೆ ಕಳಿಸೋಣ ಅಂದ್ರೆ ರಸ್ತೆ ಇಲ್ಲ, ನಿಮ್ಮ ಕಡೆಗೆ ದಾಟಿಸೋಣ ಅಂದ್ರೆ ಮಗುವಿಗೆ ಕಾಗದಪತ್ರ ಇಲ್ಲ."

ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ ಹೋದೆ. ಮನೆಯ ಯಜಮಾನಿ ದವ್ಲತ್ ಬೀಬೀ, ಇಬ್ಬರ ಅತ್ತೆ. ಹಲ್ಲಿಲ್ಲ, ಬೆನ್ನು ಬಾಗಿಲ್ಲ. ನನ್ನನ್ನು ಕಂಡು "ಯಾ ಅಲೀ ಮದದ್, ಬಾ ಮಗಳೇ" ಎಂದು ನನ್ನ ಕೈ ಹಿಡಿದು ಮುತ್ತಿಟ್ಟು ಒಲೆಯ ಪಕ್ಕದ ಜಗಲಿಯ ಮೇಲೆ ಕೂರಿಸಿದಳು. ಎಂಟು ಮಕ್ಕಳು ಅರ್ಧಚಂದ್ರದಂತೆ ಕುಳಿತಿದ್ದವು, ಕೈ ಮಡಿಲಲ್ಲಿಟ್ಟುಕೊಂಡು, ಪ್ರಾರ್ಥನೆಗೆ ಕೂತ ಹಾಗೆ. ಮುದುಕಿಯ ಕೈಯಲ್ಲಿ ಬೆಳ್ಳಿ ಪೊಟ್ಟಣ. ಮೊದಲು ಅಂಗೈಯಗಲದ ರೊಟ್ಟಿಯ ಚೂರಿಗೆ ಅದನ್ನು ಹಿಂಡಿ, ನೀಟಾಗಿ ಬಳಿದು, ಕಪ್ಪು ಚಹಾದ ಜೊತೆ ನನ್ನ ಮುಂದಿಟ್ಟಳು.

"ಮನೇಲಿ ಬೇರೇನೂ ಇಲ್ಲ. ತಪ್ಪು ತಿಳ್ಕೋಬೇಡ" ಎಂದಳು.

ನಾನು ತಿಂದೆ. ಇದನ್ನು ಇದುವರೆಗೆ ಯಾವ ಸಭೆಯಲ್ಲೂ ಹೇಳಿಲ್ಲ. ಎಂಟು ಮಕ್ಕಳು ನೋಡುತ್ತಿದ್ದ ಹಾಗೆ, ಸಾಯುತ್ತಿರುವ ಮಗುವಿನ ಔಷಧಿಯನ್ನು ನಾನು ತಿಂದೆ. ಬೇಡ ಎನ್ನಬೇಕಿತ್ತು ಎಂದು ಯಾರಿಗಾದರೂ ಅನ್ನಿಸಿದರೆ, ಅವರು ನಮ್ಮವರ ಮನೆಯಲ್ಲಿ ಅತಿಥಿಯಾಗಿ ಕುಳಿತವರಲ್ಲ. ಇಟ್ಟ ರೊಟ್ಟಿಯನ್ನು ಖಲೀಫನ ಮಗಳು ತಳ್ಳಿದಳು ಎಂದರೆ ಆ ಮನೆ ಏಳು ತಲೆಮಾರು ತಲೆಯೆತ್ತುವುದಿಲ್ಲ. ಮೇಲೆ ಚಹಾವನ್ನೂ ಕುಡಿದೆ.

ಆಮೇಲೆ ಮುದುಕಿ ಬೆರಳಿಗೆ ಮುದ್ದೆ ಹಚ್ಚಿಕೊಂಡು ಮಕ್ಕಳ ನಾಲಿಗೆಯ ಮೇಲೆ ಒಂದೊಂದು ಗೀಟು ಎಳೆದಳು. ನಜರ್‌ಗೆ ಒಂದು, ಶಕರ್‌ಮೋಗೆ ಒಂದು. ಒಂದೇ ಉದ್ದ, ಒಂದೇ ದಪ್ಪ. ಅಪ್ಪನ ಬಟ್ಟಲು ಕೂಡ ಅಷ್ಟು ಸರಿಯಾಗಿ ಅಳೆದಿರಲಾರದು. ನಜರ್ ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಚೀಪುತ್ತ ಕುಳಿತ.

"ಬೀಬೀ, ಇದು ಊಟ ಅಲ್ಲ, ಔಷಧಿ. ಈ ಮಗುವಿಗೆ ಮಾತ್ರ" ಎಂದೆ.

"ಔಷಧಿ ಆಗಿದ್ರೆ ಕಹಿ ಇರ್ಬೇಕಿತ್ತು. ಸಿಹಿ ಮಾಡು ಅಂತ ನಾನು ಹೇಳಿದ್ನಾ?"

"ಹಂಚಿದ್ರೆ ಶಕರ್‌ಮೋ ಸಾಯ್ತಾಳೆ."

"ಹಂಚು ಅಂತ ಹೇಳಿದ್ದು ನೀನೇ ಅಲ್ವೇನೇ? ಕಲ್ಲಿನ ಮೇಲೆ ನಿಂತ್ಕೊಂಡು. ಮೂವತ್ತೊಂದು ಮನೆ, ನಲವತ್ತು ಫಕೀರರು. ಬಖ್ತನಮಾ ಅವತ್ತು ಮನೆಗೆ ಬಂದು ಅಳ್ತಾ ಅಳ್ತಾ ಹೇಳಿದ್ಲು. ನಾವು ಅಲ್ಲೀವರೆಗೂ ಕದ್ದುಮುಚ್ಚಿ ಮಗುಗೇ ಹೆಚ್ಚು ಕೊಡೋಣ ಅಂದ್ಕೊಂಡಿದ್ವಿ. ನಿನ್ನ ಮಾತು ಕೇಳಿ ನಾಚಿಕೆ ಆಯ್ತು."

ನನಗೆ ಮೈಯೆಲ್ಲ ಕಾದ ನೀರು ಹೊಯ್ದಂತಾಯಿತು. ದನಿ ಏರಿಸಿದೆ. ತಪ್ಪು ಮಾಡಿದವರು ಸಾಮಾನ್ಯವಾಗಿ ಮಾಡುವುದು ಅದನ್ನೇ. "ಆ ಕತೆ ಬೇರೆ, ಇದು ಬೇರೆ. ಇವತ್ತಿಂದ ಒಂದು ಬೆರಳೂ ಬೇರೆಯವರ ಬಾಯಿಗೆ ಹೋಗ್ಬಾರದು."

ದವ್ಲತ್ ಬೀಬೀ ಪೊಟ್ಟಣವನ್ನು ಮಡಿಸಿ ನೆಲದ ಮೇಲಿಟ್ಟಳು. "ಏಳು ಮಕ್ಕಳನ್ನ ಎದುರಿಗೆ ಕೂರಿಸ್ಕೊಂಡು ಒಂದರ ಬಾಯಿಗೆ ಇಡು ಅಂತೀಯ. ಒಂದಿನ ಅಳ್ತವೆ, ಎರಡ್ದಿನ ಅಳ್ತವೆ. ಆಮೇಲೆ ಅಭ್ಯಾಸ ಆಗುತ್ತೆ. ಹಂಗೆ ಅಭ್ಯಾಸ ಆದೋರು ದೊಡ್ಡವರಾಗಿ ಏನಾಗ್ತಾರೆ ಗೊತ್ತಾ ಮಗಳೇ? ನಿಮ್ಮ ದೇಶದಲ್ಲಿ ಬಂದೂಕು ಹಿಡಿದ್ರಲ್ಲ, ಅವರಾಗ್ತಾರೆ."

"ದೊಡ್ಡವರಾಗ್ಬೇಕಂದ್ರೆ ಮೊದಲು ಬದುಕಿರ್ಬೇಕು ಬೀಬೀ."

"ನಿಮ್ಮಪ್ಪ ಹಿಂಗೆ ಅಂದಿದ್ರೆ ನಿಮ್ಮ ಕೇರಿ ಬದುಕ್ತಿತ್ತಾ?"

ಅವಳ ಜೊತೆ ಮಾತಿನಲ್ಲಿ ಗೆಲ್ಲಲಾಗದು ಎಂದು ತಿಳಿಯಿತು. ಬಖ್ತನಮಾಗೆ ಮಗುವನ್ನು ಎತ್ತಿಕೋ ಎಂದೆ. ಅವಳು ಅತ್ತೆಯ ಮುಖ ನೋಡಿದಳು, ಓರಗಿತ್ತಿಯ ಮುಖ ನೋಡಿದಳು. ಸಬ್ಜ್‌ಗುಲ್ ಮಗುವಿನ ಕಾಲಿಗೆ ತನ್ನ ಉಣ್ಣೆಯ ಕಾಲುಚೀಲ ತೊಡಿಸಿ ಕಳಿಸಿದಳು.

ತಾಯಿ ಮಗು ಇಬ್ಬರನ್ನೂ ಚಿಕಿತ್ಸಾಲಯದ ಉಗ್ರಾಣದಲ್ಲಿ ಇರಿಸಿದೆ. ದಿನಕ್ಕೆ ಮೂರು ಪೊಟ್ಟಣ, ನನ್ನ ಕಣ್ಣೆದುರು, ಕದ ಹಾಕಿಕೊಂಡು. ಮೂರನೆಯ ದಿನ ಬಖ್ತನಮಾಳ ಅಂಗಿಯ ತೋಳಿನ ಮಡಿಕೆಯಲ್ಲಿ ಅರ್ಧ ಪೊಟ್ಟಣ ಸಿಕ್ಕಿತು. ಮನೆಯಿಂದ ಸೌದೆ ತರುವ ನೆಪದಲ್ಲಿ ನಜರ್‌ಗೆ ಒಯ್ಯಲು ಇಟ್ಟುಕೊಂಡಿದ್ದಳು. ನಾನು ಅವಳ ಕೈ ತಿರುಚಿ ಕಿತ್ತುಕೊಂಡೆ.

"ಅವನಿಗೆ ದಿನಾ ರುಚಿ ಅಭ್ಯಾಸ ಆಗಿದೆ ಅಕ್ಕಾ, ಬಾಗಿಲಲ್ಲೇ ಕೂತಿರ್ತಾನಂತೆ" ಎಂದು ಅತ್ತಳು.

"ನಿನ್ನ ಮಗಳು ಬದುಕೋದು ಬೇಡ್ವಾ ನಿಂಗೆ?"

"ಬೇಕು. ಆದ್ರೆ ಮನೆಗೆ ಹೆಂಗೆ ಹೋಗ್ಲಿ?"

ನಾನು ಅವಳನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದೆ. ಐದನೆಯ ದಿನ ತಕ್ಕಡಿಯ ಮುಳ್ಳು ಅಲುಗಿತು. ಹತ್ತನೆಯ ದಿನಕ್ಕೆ ಐದು ಕಿಲೋ ಏಳುನೂರು. ಶಕರ್‌ಮೋ ನನ್ನ ಮಣಿಸರ ಹಿಡಿದು ಎಳೆದಳು, ಮೂಗು ಕಚ್ಚಲು ಬಂದಳು, ಒಂದು ದಿನ ನಕ್ಕೇಬಿಟ್ಟಳು. ನನಗೆ ಕುಣಿಯುವಂತಾಯಿತು. ಆ ಬೆಳಿಗ್ಗೆ ಮಣಿ ಎಣಿಸುವಾಗ ಕೃತಜ್ಞತೆಯಿಂದ ನನ್ನ ಕಣ್ಣು ತುಂಬಿ ಬಂತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹದಿನೇಳನೆಯ ದಿನ ಸಬ್ಜ್‌ಗುಲ್ ನಜರ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಕೆಮ್ಮು, ಜ್ವರ, ಪಕ್ಕೆ ಒಳಗೆಳೆಯುತ್ತಿತ್ತು. ಡಾಕ್ಟರ್ ಕುದುರೆ ಹತ್ತಿ ಮೇಲಿನ ಕಣಿವೆಗೆ ಹೋಗಿದ್ದರು. ಔಷಧಿಯ ಸಿರಪ್ ಕೊಟ್ಟೆ, ಹೇಗೆ ಕುಡಿಸಬೇಕೆಂದು ತೋರಿಸಿದೆ. ಆಮೇಲೆ ಪಟ್ಟಿ ತೆಗೆದು ತೋಳಿಗೆ ಸುತ್ತಿದೆ. ಹನ್ನೊಂದು ಪಾಯಿಂಟ್ ಆರು. ಬೆಳಕಿಗೆ ಹಿಡಿದು ನೋಡಿದೆ. ಆರೇ. ಕೆಂಪು ಗೆರೆಗೆ ಒಂದೇ ಒಂದು ಮಿಲಿಮೀಟರ್ ಬಾಕಿ.

"ಕೆಂಪಾಯ್ತಾ?" ಎಂದಳು ಅವಳು.

"ಇಲ್ಲ."

"ಒಂದೆರಡು ಪೊಟ್ಟಣ ಕೊಡಕ್ಕಾ. ಜಾಸ್ತಿ ಬೇಡ. ಬೀಬೀ ಮುಂಚೆ ಕೊಡ್ತಿದ್ಲಲ್ಲ, ಬೆರಳಿನಷ್ಟು, ಅಷ್ಟೇ ಕೊಡ್ತೀನಿ."

ಗೋಡೆಯ ಆಚೆ ಶಕರ್‌ಮೋ ಬಾಯಿ ಚಪ್ಪರಿಸುವುದು ಕೇಳುತ್ತಿತ್ತು. ಉಗ್ರಾಣದಲ್ಲಿ ಹತ್ತೊಂಬತ್ತು ಪೆಟ್ಟಿಗೆ ಇದ್ದವು. ನೋಡುವವರು ಯಾರೂ ಇರಲಿಲ್ಲ. ಆದರೆ ಕೊಡಬೇಕಾದರೆ ಪುಸ್ತಕದಲ್ಲಿ ತೋಳಿನ ಅಳತೆ ಬರೆಯಬೇಕು, ಇಲ್ಲದ ಅಳತೆ ಬರೆಯಬೇಕು. ನಾನು ಕದಮ್‌ಶಾನ ಮಗಳು. ಅಲ್ಲಿಯವರೆಗೆ ನನ್ನ ಕೈ ಒಂದೂ ಸುಳ್ಳು ಅಂಕಿ ಬರೆದಿರಲಿಲ್ಲ, ಸಂಸ್ಥೆಯವರು ನನ್ನನ್ನು ಊರೂರಿಗೆ ಕಳಿಸುತ್ತಿದ್ದದ್ದೂ ಅದಕ್ಕೇ. ಇವತ್ತು ಇವನಿಗೆ ಕೊಟ್ಟರೆ ನಾಳೆ ಅಂಗಳದಲ್ಲಿ ಇನ್ನೂರು ಹಳದಿ ತೋಳು ನಿಲ್ಲುತ್ತವೆ ಎಂದೂ ಅಂದುಕೊಂಡೆ. ಅದೂ ನಿಜವೇ. ನನ್ನ ಹತ್ತಿರ ನಿಜಗಳಿಗೆ ಬರವಿರಲಿಲ್ಲ.

"ಗುರುವಾರ ಕರ್ಕೊಂಡು ಬಾ, ಮತ್ತೆ ನೋಡೋಣ" ಎಂದೆ.

ಅವಳು ಜಗಳವಾಡಲಿಲ್ಲ. ನಜರ್‌ನ ತಲೆಗೆ ಶಾಲು ಹೊದಿಸಿ, "ಸರಿ ಅಕ್ಕಾ, ನಿನಗೂ ಕಷ್ಟ" ಎಂದು ಹೋದಳು. ಗುರುವಾರಕ್ಕೆ ನಾಲ್ಕು ದಿನವಿತ್ತು. ಅವನು ಮೂರನೆಯ ದಿನ ಸತ್ತ.

ಮಣ್ಣಿಗೆ ಹೋದೆ. ಹಿಮ ಅಗೆಯಲು ಗಂಡಸರಿಲ್ಲದೆ ನೆರೆಮನೆಯ ಇಬ್ಬರು ಮುದುಕರೂ ಡಾಕ್ಟರೂ ಸೇರಿ ತೋಡಿದರು. ಡಾಕ್ಟರ್ ದಾರಿಯಲ್ಲಿ ನನಗೆ, "ನ್ಯುಮೋನಿಯಾ ಸಿಸ್ಟರ್. ಕೊಟ್ಟಿದ್ದರೂ ಉಳಿಯುತ್ತಿದ್ದ ಅಂತ ಹೇಳೋಕಾ‌ಗಲ್ಲ" ಎಂದರು. ಒಳ್ಳೆಯ ಮನುಷ್ಯ. ನನಗೆ ಸಮಾಧಾನ ಬೇಕಿತ್ತು ಎಂದು ಅವರಿಗೆ ಗೊತ್ತಿತ್ತು, ಸುಳ್ಳು ಹೇಳಲು ಬರದೆ ಅಷ್ಟಕ್ಕೇ ನಿಲ್ಲಿಸಿದರು.

ದವ್ಲತ್ ಬೀಬೀ ಬಾಗಿಲಲ್ಲಿ ಕುಳಿತಿದ್ದಳು. ನಾನು ಅವಳ ಕೈಗೆ ಮುತ್ತಿಡಲು ಬಗ್ಗಿದೆ. ಅವಳು ಕೈ ಎಳೆದುಕೊಳ್ಳಲಿಲ್ಲ, ಕೊಡಲೂ ಇಲ್ಲ.

"ಕೆಮ್ಮು ಮನೇಲಿದ್ದ ಏಳಕ್ಕೂ ಬಂದಿತ್ತು ಮಗಳೇ. ಆರು ಕೆಮ್ಮಿ ಕೆಮ್ಮಿ ಎದ್ದು ಕೂತವು. ಇವನ ಹತ್ರ ಕೆಮ್ಮೋಕೆ ಏನೂ ಉಳಿದಿರಲಿಲ್ಲ" ಎಂದಳು. ಆಮೇಲೆ ಕೇಳಿದಳು, "ನಿನ್ನ ಪುಸ್ತಕದಲ್ಲಿ ಇವನ ಹೆಸರು ಇದೆಯಾ?"

"ಇಲ್ಲ ಬೀಬೀ. ಕೆಂಪಿನವರದು ಮಾತ್ರ."

"ಹಂಗಾದ್ರೆ ನಿಮ್ಮ ಲೆಕ್ಕದಲ್ಲಿ ಈ ಮನೇಲಿ ಯಾರೂ ಸತ್ತಿಲ್ಲ."

ಅವಳು ಅದನ್ನು ಕೇಳಿದ್ದಲ್ಲ, ಹೇಳಿದ್ದು. ಮತ್ತು ಹಾಗೇ ಆಯಿತು. ವರದಿಯಲ್ಲಿ ಶಕರ್‌ಮೋಳ ಹೆಸರಿನ ಮುಂದೆ 'ಗುಣವಾಗಿದೆ' ಎಂದು ಬರೆದು ಕಳಿಸಿದೆ. ಮೇಲಿನ ಕಚೇರಿಯವರು ಅವಳ ನಗುವ ಫೋಟೊವನ್ನು ಮರುವರ್ಷದ ಕ್ಯಾಲೆಂಡರಿಗೆ ಹಾಕಿಸಿದರು. ಮೇ ತಿಂಗಳು. ಆ ಕ್ಯಾಲೆಂಡರು ನಮ್ಮ ಅಮ್ಮನ ಮನೆಯ ಗೋಡೆಯ ಮೇಲೆ ಎಷ್ಟೋ ವರ್ಷ ತೂಗುತ್ತಿತ್ತು. ಬಂದವರಿಗೆಲ್ಲ ಅಮ್ಮ, "ನನ್ನ ಮಗಳು ಉಳಿಸಿದ ಕೂಸು" ಎಂದು ತೋರಿಸುತ್ತಿದ್ದಳು. ನಾನು ಅಡುಗೆಮನೆಗೆ ಎದ್ದುಹೋಗುತ್ತಿದ್ದೆ.

ವಸಂತದ ಹೊಸವರ್ಷ, ನವ್ರೂಜ್ ಹಬ್ಬ, ಕಳೆದು ಎರಡು ವಾರಕ್ಕೆ, ಸೂರ್ಯ ಮೊಣಕಾಲು ದಾಟಿದ್ದಾಗ, ಸಬ್ಜ್‌ಗುಲ್ ಮತ್ತೆ ಬಂದಳು. ಗುರುವಾರ. ಈ ಬಾರಿ ಬೆನ್ನಲ್ಲಿದ್ದದ್ದು ನಜರ್‌ನ ತಂಗಿ ನಿಗಾರ್, ಒಂದೂವರೆ ವರ್ಷ. ಮಗನ ಸಾವಿನ ಮೇಲೆ ಅವಳ ಎದೆಹಾಲು ಬತ್ತಿತ್ತು. ಸಾಲು ಮುಗಿಯುವ ತನಕ ಕಾದು, ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕುಳಿತಳು. ಡಾಕ್ಟರ್ ಒಳಗೆ ಸ್ಟೆತಸ್ಕೋಪು ಕಿವಿಗಿಟ್ಟುಕೊಂಡು ಇನ್ನೊಂದು ಮಗುವಿನ ಎದೆ ಕೇಳುತ್ತಿದ್ದರು.

ಪಟ್ಟಿ ಸುತ್ತಿದೆ. ಹನ್ನೊಂದು ಪಾಯಿಂಟ್ ಎಂಟು.

"ಹಳದಿ" ಎಂದು ಅವಳೇ ಹೇಳಿದಳು. ಈಗ ಅವಳಿಗೆ ಬಣ್ಣ ಓದಲು ಬರುತ್ತಿತ್ತು. "ಕೆಂಪಿಗೆ ಎಷ್ಟು ಬೇಕು?"

"ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹೀಗೆ, ಉಗುರಿನ ಅಂಚಿನಷ್ಟು."

ಅವಳು ತನ್ನ ಉಗುರನ್ನು ನೋಡಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, ಮದ್ದು ಹೇಗೆ ಕುಡಿಸಬೇಕೆಂದು ಕೇಳುವವಳ ಹಾಗೆ, ವಿನಯದಿಂದ ಕೇಳಿದಳು: "ಅಕ್ಕಾ, ಎರಡು ವಾರ ಇವಳಿಗೆ ಏನೂ ಕೊಡದೆ ಬರೀ ನೀರು ಕುಡಿಸಿ ಕರ್ಕೊಂಡು ಬರ್ಲಾ? ಆಗ ಕೆಂಪಾಗುತ್ತಾ? ಇಲ್ಲ ಅದು ಜಾಸ್ತಿ ಆಗುತ್ತಾ? ಒಂದೇ ವಾರ ಸಾಕಾ?"

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಲು ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಮ್ಮ ನಿಯಮವನ್ನು ಅವಳು ಚೆನ್ನಾಗಿ ಕಲಿತಿದ್ದಳು, ಕಲಿತದ್ದು ಸರಿಯೇ ಎಂದು ಖಚಿತಮಾಡಿಕೊಳ್ಳಲು ಬಂದಿದ್ದಳು. ನಿಗಾರ್ ನನ್ನ ಬೆರಳು ಹಿಡಿದು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು.

ಪಟ್ಟಿ ಇನ್ನೂ ತೋಳಿನ ಮೇಲೇ ಇತ್ತು. ಅದರ ತುದಿ ಹಿಡಿದು ಎಳೆದೆ. ಮೆತ್ತಗಿನ ಚರ್ಮ ಒಳಗೆ ಕುಸಿಯಿತು, ಮಗು ಮುಖ ಕಿವುಚಿತು ಅಷ್ಟೇ, ಅಳಲಿಲ್ಲ. ಪಟ್ಟಿಯ ಅಳತೆ ತೋರಿಸುವ ಕಿಂಡಿಯಲ್ಲಿ ಹಳದಿ ಜಾರಿ ಕೆಂಪು ಬಂದು ಕುಳಿತಿತು. ಹನ್ನೊಂದು ಪಾಯಿಂಟ್ ನಾಲ್ಕು. ಪುಸ್ತಕ ತೆಗೆದು ನನ್ನ ಒಳ್ಳೆಯ ಅಕ್ಷರದಲ್ಲಿ ಹಾಗೇ ಬರೆದೆ. ಆಕಾಶ ಬೀಳಲಿಲ್ಲ. ಒಳಗಿನಿಂದ ಡಾಕ್ಟರ್, "ಎಷ್ಟು ಸಿಸ್ಟರ್?" ಎಂದರು. "ಕೆಂಪು" ಎಂದೆ. "ಕೊಡಿ" ಎಂದರು. ಎಲ್ಲ ಸೇರಿ ಒಂದು ಲೋಟ ಚಹಾ ಬಗ್ಗಿಸುವಷ್ಟು ಹೊತ್ತೂ ಹಿಡಿದಿರಲಿಲ್ಲ.

ಇಪ್ಪತ್ತೊಂದು ಪೊಟ್ಟಣ ಎಣಿಸಿ ಸಬ್ಜ್‌ಗುಲ್‌ಳ ಶಾಲಿನ ಮಡಿಲಿಗೆ ಹಾಕಿದೆ. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ, ಹರಸುತ್ತಾಳೆ ಎಂದೂ ಒಂದು ಕ್ಷಣ ಅಂದುಕೊಂಡೆ. ಅವಳು ಕುಳಿತೇ ಇದ್ದಳು. ಮಗುವಿನ ತೋಳಿನ ಮೇಲೆ ಪಟ್ಟಿ ಒತ್ತಿದ ಗುರುತು ಕೆಂಪಗೆ ಮೂಡಿತ್ತು; ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತ, ತಲೆಯೆತ್ತದೆ ಕೇಳಿದಳು.

"ಹಂಗಾದ್ರೆ ಅವತ್ತೂ ಆಗ್ತಿತ್ತಾ ಅಕ್ಕಾ?"

ಆಗುತ್ತಿತ್ತು ಎಂದೆ. ಸುಳ್ಳು ಹೇಳುವುದು ನನಗಿನ್ನೂ ಸರಿಯಾಗಿ ರೂಢಿಯಾಗಿರಲಿಲ್ಲ.